ಟೂ-ಸ್ಟ್ರೋಕ್ ಗೆಳೆಯರಿಗೆ ಹಲಸೂರಿನಿಂದ ಒಂದು ಪತ್ರ

ಶಿವಾಜಿನಗರದ ಮೆಕ್ಯಾನಿಕ್ ಉಸ್ತಾದರಿಗೆ, ಇಂದಿರಾನಗರದ ಆರ್‌ಎಕ್ಸ್ ಬೈಕಿನ ಹುಡುಗರಿಗೆ, ಕೆ.ಆರ್. ಪುರದ ಕಡೆ ಹುಲ್ಲು ಕತ್ತರಿಸುವ, ಮರ ಕೊಯ್ಯುವ ಮಷೀನು ಹಿಡಿದು ದುಡಿಯುವ ತಮ್ಮಂದಿರಿಗೆ,



ಶಿವರಾತ್ರಿಗೆ ಮುಂಚೆ ಒಂದು ಭಾನುವಾರ, ನಮ್ಮ ಬೀದಿಯ ಹುಡುಗನೊಬ್ಬ ನೀರಿನ ಬಾಟಲಿಯಲ್ಲಿ ಜೇನಿನ ಬಣ್ಣದ ದ್ರವ ತಂದು ನನ್ನ ಮುಂದೆ ಹಿಡಿದ. ಬಜ್ಜಿ ಕರಿದ ಎಣ್ಣೆಯಿಂದ ಮನೆಯಲ್ಲೇ ಬಯೋಡೀಸೆಲ್ ಮಾಡಿದ್ದನಂತೆ. "ಅಂಕಲ್, ಇದನ್ನ ಆರ್‌ಎಕ್ಸ್‌ಗೆ ಹಾಕಬಹುದಾ?" ಎಂದ. ಅದಾದ ಹದಿನೈದು ದಿನಕ್ಕೆ ಇನ್ನೊಬ್ಬ ಬಂದ. ಬೆಲ್ಲದ ಕೊಳೆಯಿಂದ ಸ್ಪಿರಿಟ್ ಇಳಿಸಿ ಪೆಟ್ರೋಲಿಗೆ ಬೆರೆಸುವುದು ಅವನ ಯೋಚನೆ. ಮೂರನೆಯವನಿಗೆ ಹರಳೆಣ್ಣೆಯ ಹುಚ್ಚು. ಮೂವರೂ ಬುದ್ಧಿವಂತರು, ಕೈಕೆಲಸ ಬಲ್ಲವರು. ಮೂವರಿಗೂ ನಾನು ಈ ಎಂಜಿನ್‌ಗೆ ಅದು ಬೇಡ ಎಂಬ ಒಂದೇ ಮಾತು ಹೇಳಬೇಕಿತ್ತು. ಹಾಗೆ ಕೇಳುವವರು ನಮ್ಮ ಕಡೆ ಇನ್ನೂ ಎಷ್ಟೋ ಮಂದಿ ಇರುತ್ತೀರಿ ಎನಿಸಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಗಿಡಮರದ ಇಂಧನ ಬೇಡ ಎನ್ನುವವನು ನಾನಲ್ಲ. ನನ್ನ ಯೆಜ್ಡಿ ಬೈಕಿಗೆ ನಲವತ್ತು ವರ್ಷ ದಾಟಿದೆ. ಅದನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ತಯಾರಿಸುವವರು ಕೈಬಿಟ್ಟ ಮೇಲೂ ಈ ಗಾಡಿಗಳು ಉಳಿದುಕೊಂಡಿರುವುದು ನಿಮ್ಮಂಥವರ ಕೈಯಿಂದ. ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದ ಕಾರ್ಬೊರೇಟರ್, ಲೇತಿಗೆ ಹಾಕಿ ಸರಿಮಾಡಿದ ಕ್ರ್ಯಾಂಕು, ಒಂದೊಂದು ಸೈಜು ಮೇಲೇರುತ್ತ ಬೋರ್ ಮಾಡಿಸಿದ ಬ್ಲಾಕು. ಅಂಥ ಎಂಜಿನ್‌ಗೆ ಇನ್ನೊಬ್ಬರ ಮುಂದೆ ಕೈಚಾಚದೆ ನಮ್ಮ ನೆಲದಲ್ಲೇ ಬೆಳೆದದ್ದನ್ನು ಕುಡಿಸಬೇಕೆಂಬ ಆಸೆ ದೊಡ್ಡದು. ಆ ಆಸೆ ನನಗೂ ಇತ್ತು. ಅದಕ್ಕೆ ನಾನು ತೆತ್ತ ಬೆಲೆಯನ್ನು ಮೊದಲು ಹೇಳುತ್ತೇನೆ.

ಹನ್ನೆರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ನನಗೆ ಐದು ಲೀಟರಿನ ಕ್ಯಾನು ಸಿಕ್ಕಿತು. ಪೆಟ್ರೋಲಿಗೆ ಕಾಲು ಭಾಗ "ಮನೆ ಸ್ಪಿರಿಟ್" ಬೆರೆಸಿದ್ದಾರೆ, ಟೂ-ಸ್ಟ್ರೋಕ್‌ಗೆ ಬೇಕಾದ 2ಟಿ ಆಯಿಲ್ ಕೂಡ ಹಾಕಿದ್ದಾರೆ ಎಂದರು. ಕ್ಯಾನು ಅಲ್ಲಾಡಿಸಿ ಟ್ಯಾಂಕಿಗೆ ಸುರಿದೆ. ರಾತ್ರಿಯೆಲ್ಲ ಗಾಡಿ ನಿಂತಿತ್ತು. ಬೆಳಿಗ್ಗೆ ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೊರಟೆ. ಬೈಯಪ್ಪನಹಳ್ಳಿ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು, ಮಾಮೂಲಿಗಿಂತ ಚುರುಕಾಗಿಯೇ ಎನ್ನಬೇಕು. ಟಿನ್ ಫ್ಯಾಕ್ಟರಿ ಹತ್ತಿರ ಬರುವಾಗ ಎಂಜಿನ್ ಶಬ್ದ ಸಣ್ಣಗಾಯಿತು, ಕೀರಲಾಯಿತು, ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿದದ್ದರಿಂದ ಬದುಕಿದೆ, ಹಿಂದೆ ಬಸ್ಸಿತ್ತು. ಬ್ಲಾಕ್ ಬಿಚ್ಚಿದಾಗ ಪಿಸ್ಟನ್ನಿನ ಪಕ್ಕ ಉಗುರಿನಿಂದ ಕೆರೆದ ಹಾಗೆ ಉದ್ದುದ್ದ ಗೀರು. ಕನೆಕ್ಟಿಂಗ್ ರಾಡಿನ ಬೇರಿಂಗು ನೀಲಿಗಟ್ಟಿತ್ತು.

ಏನಾಗಿತ್ತು? ಟ್ಯಾಂಕಿನಲ್ಲಿ ಉಳಿದದ್ದನ್ನು ಗಾಜಿನ ಜಾರಿಗೆ ಇಳಿಸಿ ನೋಡಿದಾಗ ಉತ್ತರ ಸಿಕ್ಕಿತು. ಮೇಲೆ ಪೆಟ್ರೋಲು, ಎಣ್ಣೆಯ ಬಣ್ಣದೊಂದಿಗೆ. ಕೆಳಗೆ ಇನ್ನೊಂದು ಪದರ, ನೀರಿನಷ್ಟು ತಿಳಿ, ಎಣ್ಣೆಯ ಸುಳಿವೇ ಇಲ್ಲ. ಪೆಟ್ರೋಲ್ ಕಾಕ್ ಇರುವುದು ಟ್ಯಾಂಕಿನ ತಳದಲ್ಲಿ. ಅಂದರೆ ನನ್ನ ಎಂಜಿನ್ ಬೆಳಗಿನಿಂದ ಕುಡಿದದ್ದು ಆ ಕೆಳಗಿನ ಪದರವನ್ನು. ನೀರು ಬೆರೆತ ಮದ್ಯಸಾರ, ಒಂದು ತೊಟ್ಟೂ ಎಣ್ಣೆಯಿಲ್ಲದೆ.

ಟೂ-ಸ್ಟ್ರೋಕ್‌ನ ಗುಟ್ಟು ಇಲ್ಲೇ ಇದೆ. ನೀವು ದಿನಾ ನೋಡುವುದನ್ನೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕಾರಿನ ಎಂಜಿನ್‌ಗೆ ಎಣ್ಣೆ ಬೇರೆ, ಇಂಧನ ಬೇರೆ. ಕೆಳಗೆ ಎಣ್ಣೆಯ ತೊಟ್ಟಿ ಇರುತ್ತದೆ, ಪಂಪು ಅದನ್ನು ಎತ್ತಿ ಬೇರಿಂಗಿಗೆ ಕೊಡುತ್ತದೆ. ಯೆಜ್ಡಿಯಂಥ ಗಾಡಿಯಲ್ಲಿ ಆ ತೊಟ್ಟಿಯಿಲ್ಲ. ಪೆಟ್ರೋಲೇ ಎಣ್ಣೆಯನ್ನು ಹೊತ್ತುಕೊಂಡು ಕ್ರ್ಯಾಂಕ್ ಕೇಸಿನೊಳಗೆ ಹೋಗಿ, ಬೇರಿಂಗುಗಳನ್ನು ನೆನೆಸಿ, ಆಮೇಲೆ ಪೋರ್ಟಿನ ಮೂಲಕ ಮೇಲೇರಿ ಉರಿಯುತ್ತದೆ. ಬಂಕಿನಲ್ಲಿ "ಲೀಟರಿಗೆ 20 ಎಂಎಲ್ ಹಾಕಪ್ಪ" ಎಂದು ಕೈಪಂಪಿನಿಂದ ಹಾಕಿಸುತ್ತಿದ್ದೆವಲ್ಲ, ಆ ನೂರಕ್ಕೆ ಎರಡು ಪಾಲಿನ ಮೇಲೆ ಇಡೀ ಎಂಜಿನ್ ನಿಂತಿರುತ್ತದೆ. ಆರ್‌ಎಕ್ಸ್‌ನಲ್ಲಿ ಎಣ್ಣೆಗೆ ಬೇರೆ ಟ್ಯಾಂಕು, ಪಂಪು ಇದೆ ನಿಜ. ಆದರೆ ಅಲ್ಲೂ ಎಣ್ಣೆ ಬೆರೆಯುವುದು ಒಳಬರುವ ಇಂಧನದ ಜೊತೆಯೇ. ಹಾಗಾಗಿ ನೀವು ಇಂಧನ ಬದಲಿಸಿದಿರಿ ಎಂದರೆ ಬೇರಿಂಗಿನ ಅನ್ನವನ್ನೂ ಬದಲಿಸಿದಿರಿ ಎಂದೇ ಅರ್ಥ.

ಬೆಲ್ಲದ ಸ್ಪಿರಿಟ್ಟಿನ ಲೆಕ್ಕ ನೋಡಿ. ಎಷ್ಟು ಸಲ ಬಟ್ಟಿ ಇಳಿಸಿದರೂ ಮದ್ಯಸಾರ ತೂಕದಲ್ಲಿ ನೂರಕ್ಕೆ ಸುಮಾರು 95.6ಕ್ಕಿಂತ ಮೇಲೆ ಹೋಗುವುದಿಲ್ಲ. ಅಲ್ಲಿಗೆ ಬಂದ ಮೇಲೆ ನೀರೂ ಮದ್ಯಸಾರವೂ ಒಟ್ಟಿಗೇ ಆವಿಯಾಗುತ್ತವೆ. ಆ ಕೊನೆಯ ನೀರನ್ನು ಕಾರ್ಖಾನೆಯವರು ವಿಶೇಷ ಹರಳುಗಳ ಮೂಲಕ ಹಾಯಿಸಿ ಹೀರಿಸುತ್ತಾರೆ. ಮನೆಯ ಹಂಡೆಯಲ್ಲಿ ಅಷ್ಟು ದೂರ ಹೋಗುವ ಮಾತೇ ಇಲ್ಲ. ನೂರಕ್ಕೆ ತೊಂಬತ್ತು ಬಂದರೆ ದೊಡ್ಡದು. ಆ ತೊಂಬತ್ತರ ಸ್ಪಿರಿಟ್ಟನ್ನು ಲೀಟರ್ ಇಂಧನದಲ್ಲಿ 200 ಮಿ.ಲೀ. ಹಾಕಿದಿರಿ ಎನ್ನಿ, ಅದರ ಜೊತೆ 20 ಮಿ.ಲೀ. ನೀರೂ ಹೋಯಿತು. ನೂರಕ್ಕೆ ಹತ್ತು ಪಾಲು ಎಥನಾಲ್, ಅಂದರೆ ಇದೇ ಮದ್ಯಸಾರ, ಇರುವ ಪೆಟ್ರೋಲು ಲೀಟರಿಗೆ ಒಂದು ಟೀ ಚಮಚದಷ್ಟು ನೀರನ್ನು ಹೇಗೋ ಹಿಡಿದಿಟ್ಟುಕೊಳ್ಳುತ್ತದೆ. ಇಪ್ಪತ್ತು ಪಾಲಿದ್ದರೆ ಇನ್ನು ಸ್ವಲ್ಪ ಹೆಚ್ಚು. ಅದನ್ನು ಮೀರಿದರೆ ಹಾಲು ಒಡೆದ ಹಾಗೆ ಒಡೆಯುತ್ತದೆ, ತಂಪು ಹೆಚ್ಚಿದಷ್ಟೂ ಬೇಗ. ನನ್ನ ಟ್ಯಾಂಕಿನಲ್ಲಿ ಆ ರಾತ್ರಿ ಆದದ್ದು ಅದೇ.

ಇನ್ನೂ ದೊಡ್ಡ ಮಾತಿದೆ. ಮನೆಯಲ್ಲಿ ಸ್ಪಿರಿಟ್ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಗಾಡಿಗೆ ಎಂದು ಹೇಳಿದರೂ ಅಷ್ಟೇ. ಇನ್ನು ಮೆಥನಾಲ್ ವಿಷಯ. ಬಯೋಡೀಸೆಲ್ ಮಾಡುವವರು ಎಣ್ಣೆಗೆ ಬೆರೆಸಲು ಇದನ್ನು ಕ್ಯಾನಿನಲ್ಲಿ ತಂದು ಅಡುಗೆಮನೆಯಲ್ಲಿ ಇಡುತ್ತಿದ್ದೀರಿ. 1981ರ ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆ ಹೊಸೂರಿನ ಸುತ್ತ ಮತ್ತೆ ನೂರಕ್ಕೂ ಹೆಚ್ಚು ಜನ. ಸತ್ತವರು ಕೂಲಿ ಮಾಡಿ ಬದುಕುವವರು. ಮೆಥನಾಲ್ ಕಣ್ಣಿಗೆ, ಮೂಗಿಗೆ ಬರೀ ಸ್ಪಿರಿಟ್ಟಿನ ಹಾಗೇ ಇರುತ್ತದೆ. ಕುಡಿದರೆ ಮೊದಲು ಕಣ್ಣು ಹೋಗುತ್ತದೆ. ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಉರಿಯುವಾಗ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದೇ ಇಲ್ಲ. ದಯವಿಟ್ಟು, ದಯವಿಟ್ಟು ಅದನ್ನು ನೀರಿನ ಬಾಟಲಿಗೆ ತುಂಬಬೇಡಿ. ಮಕ್ಕಳಿರುವ ಮನೆಯೊಳಗೆ ತರಬೇಡಿ.

ಬಜ್ಜಿ ಎಣ್ಣೆಯ ಹುಡುಗನ ವಿಷಯ ಸ್ವಲ್ಪ ಬೇರೆ. ಅವನು ಮಾಡಿದ ವಸ್ತು ಕೆಟ್ಟದ್ದಲ್ಲ, ಅವನು ಹಿಡಿದ ಎಂಜಿನ್ ತಪ್ಪು. ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ. ಅದರೊಳಗೆ ಎಣ್ಣೆ ಬಿದ್ದ ಕ್ಷಣ ತಾನೇ ಹೊತ್ತಿಕೊಳ್ಳಬೇಕು. ಬಯೋಡೀಸೆಲ್‌ಗೆ ಇರುವ ಗುಣವೇ ಅದು. ನಮ್ಮ ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ಗಿನ ಕಿಡಿ ಬರುವವರೆಗೆ ಇಂಧನ ತಾಳಿಕೊಂಡಿರಬೇಕು. ತಾನಾಗಿ ಹೊತ್ತಿಕೊಂಡರೆ ಟಕಟಕ ಎಂದು ಪಿಸ್ಟನ್ ತಲೆಗೆ ಸುತ್ತಿಗೆ ಏಟು. ಒಂದಕ್ಕೆ ವರವಾದ ಗುಣವೇ ಇನ್ನೊಂದಕ್ಕೆ ಶಾಪ. ಅದಲ್ಲದೆ ಪೆಟ್ರೋಲು ಕೊರೆಯುವ ಚಳಿಯಲ್ಲೂ ಆವಿಯಾಗುತ್ತದೆ. ಬಯೋಡೀಸೆಲ್ ನೂರು ಡಿಗ್ರಿ ದಾಟಿದ ಮೇಲೂ ಕಿಡಿಗೆ ಸುಲಭವಾಗಿ ಹೊತ್ತಿಕೊಳ್ಳದಷ್ಟು ಮಂದ. ಕಾರ್ಬೊರೇಟರ್ ಅದನ್ನು ಆವಿ ಮಾಡಲಾರದು, ಹನಿಹನಿಯಾಗಿ ಉಗುಳುತ್ತದೆ ಅಷ್ಟೇ.

ಡೀಸೆಲ್ ಎಂಜಿನ್‌ನಲ್ಲಿ ಗಿಡದ ಎಣ್ಣೆ ಓಡುವುದಕ್ಕೆ ದೂರದ ಸಾಕ್ಷಿ ಬೇಕಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ್ದು ಎಲ್ಲರಿಗೂ ಗೊತ್ತು. ಆದರೆ ನನ್ನ ಮನಸ್ಸಿಗೆ ಹತ್ತಿರದ್ದು ನಮ್ಮ ರಾಜ್ಯದ್ದೇ ಹಳ್ಳಿಯಾದ ಕಗ್ಗನಹಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಮತ್ತು ಅವರ ಜೊತೆಯವರು ಅಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿದರು. ಆ ಕರೆಂಟಿನಿಂದ ಬೋರ್‌ವೆಲ್ ನೀರೆತ್ತಿ ಒಣಭೂಮಿಗೆ ಹಾಯಿಸಿದರು. ನಮ್ಮ ಅಜ್ಜಿಯರು ದೀಪಕ್ಕೆ ಹಾಕುತ್ತಿದ್ದ ಎಣ್ಣೆ, ಹೊಲದ ಬದುವಿನ ಮರದ್ದು. ಆಮೇಲೆ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬಂತು, 2009ರಲ್ಲಿ ರಾಜ್ಯದ್ದೇ ಜೈವಿಕ ಇಂಧನ ನೀತಿ ಬಂತು. ಇವರೆಲ್ಲ ಹೊಂಗೆಯನ್ನು ಕೊಟ್ಟದ್ದು ಡೀಸೆಲ್ ಎಂಜಿನ್‌ಗೆ. ಒಬ್ಬರೂ ಸ್ಕೂಟರಿಗೆ ಸುರಿಯಲಿಲ್ಲ.

ಇಂದಿರಾನಗರದ ಹೋಟೆಲುಗಳಲ್ಲಿ ಮಿಗುವ ಕರಿದ ಎಣ್ಣೆಗೂ ಈಗ ದಾರಿಯಿದೆ. ಮತ್ತೆ ಮತ್ತೆ ಕಾಯಿಸಿ ಕೆಟ್ಟ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಮಿತಿ ಹಾಕಿ, ಅದನ್ನು ಬಯೋಡೀಸೆಲ್ ಮಾಡುವವರಿಗೆ ಕೊಡುವ ಏರ್ಪಾಡು ಶುರುಮಾಡಿತು. ಹುಡುಗನಿಗೆ ನಾನು ಹೇಳಿದ್ದು ಇಷ್ಟು: ನಿನಗೆ ಈ ಕೆಲಸದಲ್ಲಿ ನಿಜವಾದ ಆಸೆಯಿದ್ದರೆ ಅಂಥ ಕಡೆ ಹೋಗಿ ಕಲಿ, ಮಡೆನೂರಿಗೆ ಒಮ್ಮೆ ಹೋಗಿ ಬಾ.

ಹಾಗಾದರೆ ಗಿಡದ ಇಂಧನದಲ್ಲಿ ಓಡುವ ಸಣ್ಣ ಟೂ-ಸ್ಟ್ರೋಕ್ ಲೋಕದಲ್ಲೇ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಆಟದ ವಿಮಾನ ಹಾರಿಸುವವರನ್ನು ಕೇಳಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಎಂಜಿನ್, ಹತ್ತರಲ್ಲಿ ಎಂಟು ಪಾಲು ಮೆಥನಾಲ್, ಎರಡು ಪಾಲು ಹರಳೆಣ್ಣೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ಕೆಲವು ವಿಭಾಗಗಳಲ್ಲಿ ನಿಯಮವೇ ಈ ಅಳತೆ ಹೇಳುತ್ತದೆ. ನಮ್ಮದು ನೂರಕ್ಕೆ ಎರಡು ಪಾಲು ಎಣ್ಣೆ, ಅವರದು ಇಪ್ಪತ್ತು! ಆ ವ್ಯತ್ಯಾಸ ನೋಡಿದರೆ ಸಾಕು, ಮದ್ಯಸಾರದಲ್ಲಿ ಓಡುವ ಟೂ-ಸ್ಟ್ರೋಕ್ ಎಷ್ಟು ಎಣ್ಣೆ ಬೇಡುತ್ತದೆ ಎಂಬುದು ತಿಳಿಯುತ್ತದೆ. ಅದಕ್ಕೆ ಕಿಡಿ ಹಾರುವ ಪ್ಲಗ್ ಇಲ್ಲ, ಪ್ಲಾಟಿನಂ ಬೆರೆತ ತಂತಿ ಕೆಂಪಗೆ ಕಾದಿರುತ್ತದೆ. ಜೆಟ್ಟು, ಅಳತೆ, ಎಲ್ಲವನ್ನೂ ಆ ಇಂಧನಕ್ಕೆಂದೇ ಹುಟ್ಟಿಸಿದ್ದಾರೆ. ಮತ್ತು ಮೆಥನಾಲ್ ಹಿಂದೆ ಮರದಿಂದ ಬರುತ್ತಿತ್ತು, ಈಗ ಹೆಚ್ಚಾಗಿ ಬರುವುದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ಆ ಎಂಜಿನ್‌ನಲ್ಲಿ ನಿಜವಾಗಿ ಗಿಡದ್ದು ಎಂದರೆ ಹರಳೆಣ್ಣೆಯೊಂದೇ.

ಹರಳೆಣ್ಣೆಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಯಾಕೆಂದರೆ ಇದು ನನ್ನ ಪ್ರೀತಿಯ ವಸ್ತು. ಗ್ರಂಧಿಗೆ ಅಂಗಡಿಯಲ್ಲಿ ಶನಿವಾರದ ಎಣ್ಣೆಸ್ನಾನಕ್ಕೆ ಕೊಳ್ಳುವ, ಬಡಗಣವರು ಔಡಲೆಣ್ಣೆ ಎನ್ನುವ ಅದೇ ಮಂದ ಎಣ್ಣೆ. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್‌ಗಳು ಹರಳೆಣ್ಣೆಯನ್ನು ಒಳಗೆ ಕುಡಿದು ಹೊರಗೆ ಉಗುಳುತ್ತ ಹಾರಿದವು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಈ ಎಣ್ಣೆಯ ಇಂಗ್ಲಿಷ್ ಹೆಸರಿನಿಂದ, 1909ರಲ್ಲಿ. ಲೋಕದಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು. ಬೇರೆ ಎಣ್ಣೆ ಬಿಸಿಗೆ ತೆಳ್ಳಗಾಗಿ ಜಾರಿಹೋಗುವ ಹೊತ್ತಿನಲ್ಲಿ ಇದು ಲೋಹವನ್ನು ಬಿಗಿಯಾಗಿ ಅಂಟಿಕೊಂಡೇ ಇರುತ್ತದೆ. ರೇಸಿನವರು ಅದನ್ನು ಬಿಡದಿರುವುದಕ್ಕೆ ಕಾರಣ ಅದೇ.

ಅಂಟುವ ಗುಣವೇ ಅದರ ದೋಷ ಕೂಡ. ಕಾದಾಗ ಅರಗಿನ ಹಾಗೆ ಗಟ್ಟಿಯಾಗಿ ರಿಂಗನ್ನು ತೋಡಿನಲ್ಲೇ ಹಿಡಿದುಬಿಡುತ್ತದೆ, ಪೋರ್ಟಿಗೆ ಕಾರ್ಬನ್ ಕಟ್ಟುತ್ತದೆ. ರೇಸಿನವರು ಓಟ ಮುಗಿದ ಮೇಲೆ ಎಂಜಿನ್ ಬಿಚ್ಚಿ ತೊಳೆಯುತ್ತಾರೆ. ದಿನಾ ಕೆಲಸಕ್ಕೆ ಹೋಗುವ ಗಾಡಿಯನ್ನು ಹಾಗೆ ಬಿಚ್ಚಲಾಗದು. ಮದ್ಯಸಾರದಲ್ಲಿ ಹರಳೆಣ್ಣೆ ಚೆನ್ನಾಗಿ ಕರಗುತ್ತದೆ, ಪೆಟ್ರೋಲಿನಲ್ಲಿ ಒಲ್ಲದ ಮನಸ್ಸಿನಿಂದ. ಒಂದು ಡಿಸೆಂಬರಿನಲ್ಲಿ ಬೆರೆಸಿಟ್ಟ ಜಾರಿನ ತಳದಲ್ಲಿ ಬೆಳಗಾಗುವಷ್ಟರಲ್ಲಿ ಎಣ್ಣೆಯ ಉಂಗುರ ಕೂತಿತ್ತು. ಸಾಮಾನ್ಯ 2ಟಿ ಆಯಿಲ್ ಜೊತೆಗೂ ಇದು ಹೊಂದುವುದಿಲ್ಲ, ಎರಡೂ ಸೇರಿ ಲೋಳೆಯಾಗುತ್ತವೆ. ಆರ್‌ಎಕ್ಸ್‌ನ ಎಣ್ಣೆ ಟ್ಯಾಂಕಿಗೆ ಹರಳೆಣ್ಣೆ ಸುರಿಯಲೇಬೇಡಿ, ಆ ಪಂಪು ಅಷ್ಟು ಮಂದ ಎಣ್ಣೆಯನ್ನು ಎಳೆಯುವಂಥದ್ದಲ್ಲ. ಹರಳೆಣ್ಣೆ ಆಧಾರದ ರೇಸಿಂಗ್ ಎಣ್ಣೆಯೆಂದೇ ಶುದ್ಧಿಮಾಡಿ ಮಾರುವುದು ಸಿಗುತ್ತದೆ. ಪರೀಕ್ಷೆ ಮಾಡುವ ಹಟವಿದ್ದರೆ ಅದನ್ನು ತನ್ನಿ. ಹಳೇ ಎಂಜಿನ್ ಒಂದನ್ನು ಬೆಂಚಿಗೆ ಕಟ್ಟಿ, ಆ ದಿನ ಬೆರೆಸಿದ್ದನ್ನು ಆ ದಿನವೇ ಉರಿಸಿ, ಬಿಚ್ಚಿ ನೋಡಿ, ಬರೆದಿಡಿ.

ಪೂರ್ವದಿಕ್ಕಿನಲ್ಲಿ ನೀಲಗಿರಿ ತೋಪುಗಳನ್ನು ನೋಡಿ ಬೆಳೆದವರು ನಾವು. ಕೆ.ಆರ್. ಪುರ ದಾಟಿ ಹೊಸಕೋಟೆ, ಕೋಲಾರದ ತನಕ. ನೀಲಗಿರಿ ಎಣ್ಣೆಯ ಬಗ್ಗೆಯೂ ಒಬ್ಬರು ಕೇಳಿದರು. ಅಚ್ಚರಿಯೆಂದರೆ, ಮನೆಯಲ್ಲಿ ಇಳಿಸಬಹುದಾದ ಎಣ್ಣೆಗಳಲ್ಲಿ ಪೆಟ್ರೋಲಿನ ಸ್ವಭಾವಕ್ಕೆ ತುಸು ಹತ್ತಿರದ್ದು ಇದೇ. ತೆಳ್ಳಗಿದೆ, ಪೆಟ್ರೋಲಿನಲ್ಲಿ ಸಲೀಸಾಗಿ ಬೆರೆಯುತ್ತದೆ, ಟಕಟಕ ಬಡಿಯುವುದಿಲ್ಲ. ನೀರು ಸೇರಿದ ಎಥನಾಲ್-ಪೆಟ್ರೋಲು ಒಡೆಯದಂತೆ ಹಿಡಿದಿಡುವ ಗುಣವೂ ಅದಕ್ಕಿದೆ ಎಂದು ಆಸ್ಟ್ರೇಲಿಯದ ಮರ್ಡಾಕ್ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ತೋರಿಸಿದ್ದರು. ಆದರೆ ಅದು ಕುದಿಯುವುದು ಸುಮಾರು 176 ಡಿಗ್ರಿಯಲ್ಲಿ, ತಣ್ಣಗಿನ ಎಂಜಿನ್ ಅದರಿಂದ ಏಳುವುದಿಲ್ಲ. ಬೆಲೆ ಪೆಟ್ರೋಲಿಗಿಂತ ಎಷ್ಟೋ ಪಟ್ಟು. ಅಂತರ್ಜಲ ಹೀರುವ ಆ ಮರವನ್ನು ಹೊಸದಾಗಿ ನೆಡುವುದಕ್ಕೆ 2017ರಲ್ಲಿ ನಮ್ಮ ಸರ್ಕಾರ ತಡೆ ಹಾಕಿತು, ಕೋಲಾರದ ಕೆರೆಗಳನ್ನು ಕಂಡವನಾಗಿ ನಾನು ಅದನ್ನು ಒಪ್ಪುತ್ತೇನೆ. ನೀಲಗಿರಿ ಎಣ್ಣೆ ನೆಗಡಿಗೇ ಇರಲಿ.

ಈಗ ನಿಮಗೆಲ್ಲ ನಿಜವಾಗಿ ತಟ್ಟುವ ವಿಷಯಕ್ಕೆ ಬರುತ್ತೇನೆ. ಗಿಡದ ಇಂಧನ ಹಾಕಲೋ ಬೇಡವೋ ಎಂದು ನಾವು ಚರ್ಚೆ ಮಾಡುತ್ತಿರುವಾಗಲೇ ಅದು ನಮ್ಮ ಟ್ಯಾಂಕಿನೊಳಗೆ ಬಂದು ಕೂತಿದೆ. 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ಬಂಕಿನಲ್ಲಿ ಸಿಗುವುದು ಅದೇ: ನೂರಕ್ಕೆ ಇಪ್ಪತ್ತು ಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬಂದ ಎಥನಾಲ್. ನಮ್ಮ ಗಾಡಿ ಮಾಡಿದವರು ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಸಂಶಯವಿದ್ದರೆ ಗೆರೆ ಹಾಕಿದ ಗಾಜಿನ ನಳಿಗೆಯಲ್ಲಿ 90 ಮಿ.ಲೀ. ಪೆಟ್ರೋಲು, 10 ಮಿ.ಲೀ. ನೀರು ಹಾಕಿ ಕುಲುಕಿ ಇಡಿ. ತಳದ ಪದರ ಹತ್ತರಿಂದ ಇಪ್ಪತ್ತೆಂಟರ ಹತ್ತಿರಕ್ಕೆ ಏರುತ್ತದೆ. ಎಥನಾಲ್ ಎಲ್ಲ ನೀರಿನ ಕಡೆ ಹೋಗಿರುತ್ತದೆ.

ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಹಳೇ ಜೆಟ್ಟಿನಲ್ಲಿ ಇ20 ಹರಿದರೆ ಗಾಳಿ ಹೆಚ್ಚು, ಇಂಧನ ಕಡಿಮೆ, ಎಂಜಿನ್ ಕಾಯುತ್ತದೆ.  ಆದ್ದರಿಂದ ಉಸ್ತಾದರೇ, ಗಾಡಿ ಬಂದಾಗ ಮೊದಲು ಪ್ಲಗ್ ಬಿಚ್ಚಿ ನೋಡಿ. ಬಿಸ್ಕತ್ತಿನ ಬಣ್ಣವಿದ್ದರೆ ಸರಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ನಂಬರು ಏರಿಸಿ ಮತ್ತೆ ನೋಡಿ. ಹಳೇ ರಬ್ಬರಿನ ಪೈಪು, ಕಾಕಿನ ವಾಷರು, ಫ್ಲೋಟ್ ಬೌಲಿನ ಪ್ಯಾಕಿಂಗು, ಕ್ರ್ಯಾಂಕಿನ ಆಯಿಲ್ ಸೀಲು ಎಥನಾಲ್‌ಗೆ ಊದಿ ಮೆತ್ತಗಾಗುತ್ತವೆ. ಸೀಲು ಹೋದರೆ ಅಲ್ಲಿಂದಲೂ ಗಾಳಿ ಎಳೆದು ಪಿಸ್ಟನ್ ಹಿಡಿಯುತ್ತದೆ. ಎಥನಾಲ್ ತಾಳುವ ವೈಟಾನ್ ಸೀಲು ಸಿಗುತ್ತದೆ, ಗಿರಾಕಿ ಚೌಕಾಸಿ ಮಾಡಿದರೂ ಅದನ್ನೇ ಹಾಕಿ. ಎಥನಾಲ್ ಜೊತೆ ಹೊಂದುತ್ತದೆ ಎಂದು ಡಬ್ಬದ ಮೇಲೆ ಬರೆದಿರುವ 2ಟಿ ಎಣ್ಣೆಯನ್ನೇ ಬಳಸಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಕಾರ್ಬೊರೇಟರ್ ಖಾಲಿ ಮಾಡಿ. ಪೇಟೆಯ ಮಂದಿ ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯುವ ಗಾಡಿಗಳೇ ಹೆಚ್ಚು ಹಾಳಾಗುತ್ತಿವೆ.

ಇನ್ನೊಂದು ಮಾತು, ನೋಯಿಸುವಂಥದ್ದು. ಟೂ-ಸ್ಟ್ರೋಕ್ ಒಳಗೆಳೆದ ಹೊಸ ಇಂಧನದಲ್ಲಿ ಕಾಲು ಭಾಗದಷ್ಟು ಉರಿಯದೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಅದು ಗಿಡದ್ದಾದರೂ ಬಾವಿಯದ್ದಾದರೂ ಹೋಗುವುದು ಹಾಗೆಯೇ. ಆಟೋಗಳು ಸೀಮೆಎಣ್ಣೆ ಬೆರೆಸಿ ಓಡುತ್ತಿದ್ದ ಕಾಲದಲ್ಲಿ ಶಿವಾಜಿನಗರ ಬಸ್ ಸ್ಟ್ಯಾಂಡಿನ ಸುತ್ತ ಕಣ್ಣುರಿ ತಾಳದೆ ನಾವೆಲ್ಲ ಕರ್ಚೀಫು ಹಿಡಿದು ನಡೆದಿದ್ದೇವೆ. ನಮ್ಮ ಗಾಡಿಗೆ ಹೊಂಗೆ, ಹರಳು ಹಾಕಿದೆವು, ಇನ್ನು ಹೊಗೆಯ ಚಿಂತೆಯಿಲ್ಲ ಎಂದು ಯಾರೂ ನಂಬಬಾರದು. ಭಾನುವಾರದ ಒಂದು ಸುತ್ತು, ವರ್ಷಕ್ಕೊಮ್ಮೆ ಜಾವಾ ದಿನದ ಮೆರವಣಿಗೆ, ಅಷ್ಟಕ್ಕೆ ನಾನು ನನ್ನ ಯೆಜ್ಡಿಯನ್ನು ಇಟ್ಟುಕೊಂಡಿದ್ದೇನೆ.

ಹೊಂಗೆಯನ್ನು ಪೂರಾ ಬಿಡಲು ಮನಸ್ಸಿಲ್ಲ. ಕೆ.ಆರ್. ಪುರದ ತಮ್ಮಂದಿರೇ, ಇದು ನಿಮಗೆ. ಮರ ಕೊಯ್ಯುವ ನಿಮ್ಮ ಚೈನ್ ಗರಗಸದಲ್ಲಿ ಎರಡು ಟ್ಯಾಂಕಿದೆ. ಒಂದರಲ್ಲಿ ಪೆಟ್ರೋಲು, ಇನ್ನೊಂದರಲ್ಲಿ ಚೈನಿಗೆ ಬಿಡುವ ಎಣ್ಣೆ. ಆ ಎರಡನೆಯದು ಎಂಜಿನ್ ಒಳಗೆ ಹೋಗುವುದೇ ಇಲ್ಲ. ಚೈನಿನ ಮೇಲೆ ಹರಿದು, ಹೊಟ್ಟಿನ ಜೊತೆ ಪೂರ್ತಿ ಮಣ್ಣಿಗೆ ಬೀಳುತ್ತದೆ. ಅಲ್ಲಿ ಎಂಜಿನ್ ಬಸಿದ ಕರಿ ಎಣ್ಣೆ ಹಾಕುವವರನ್ನು ನಾನು ನೋಡಿದ್ದೇನೆ. ಅದು ನಿಮ್ಮ ಕೈಗೂ ಕೆಟ್ಟದ್ದು, ಮರದ ಬುಡಕ್ಕೂ ಕೆಟ್ಟದ್ದು. ಯೂರೋಪಿನ ಕಾಡುಗಳಲ್ಲಿ ಆ ಟ್ಯಾಂಕಿಗೆ ಗಿಡದ ಎಣ್ಣೆ ಹಾಕುವುದು ರೂಢಿ. ಸೋಸಿದ ಹೊಂಗೆ ಎಣ್ಣೆ ಆ ಕೆಲಸಕ್ಕೆ ಬಂದೀತು. ಸಂಜೆ ಚೈನನ್ನು ಒರೆಸಿಡಬೇಕು, ಇಲ್ಲದಿದ್ದರೆ ಅಂಟುಗಟ್ಟುತ್ತದೆ.

ಹಲಸೂರು ಕೆರೆಯ ಸುತ್ತಮುತ್ತ ಈಗ ಹೊಂಗೆಕಾಯಿ ಒಣಗಿ ಉದುರುತ್ತಿದೆ, ಪೌರಕಾರ್ಮಿಕರು ಕಸದ ಜೊತೆ ಗುಡಿಸಿ ಒಯ್ಯುತ್ತಿದ್ದಾರೆ. ಬರುವ ಎರಡು ಭಾನುವಾರ ಬೆಳಿಗ್ಗೆ ನಾನು ಒಂದು ಗೋಣಿಚೀಲ ಹಿಡಿದು ಆಯಲು ಹೋಗುತ್ತೇನೆ. ಕೈಜೋಡಿಸುವವರು ಬನ್ನಿ. ತಿನ್ನುವ ಎಣ್ಣೆ ಆಡಿಸುವ ಗಾಣದಲ್ಲಿ ಇದನ್ನು ಆಡಿಸಬಾರದು, ಹೊಂಗೆ ಕಹಿ, ಹೊಟ್ಟೆಗೆ ಆಗದು. ಹೊಂಗೆ, ಬೇವನ್ನೇ ಆಡಿಸುವ ಗಾಣ ನೋಡಿಟ್ಟಿದ್ದೇನೆ. ಹಿಂಡಿ ನಮ್ಮ ಬೀದಿಯ ಗಿಡಗಳಿಗೆ, ಮೊದಲ ಕ್ಯಾನು ಎಣ್ಣೆ ಮರ ಕೊಯ್ಯುವ ತಮ್ಮಂದಿರ ಚೈನಿಗೆ. ಬಜ್ಜಿ ಎಣ್ಣೆಯ ಹುಡುಗ ಆಗಲೇ ಒಪ್ಪಿಕೊಂಡಿದ್ದಾನೆ, ಚೀಲ ಅವನೇ ತರುತ್ತಾನೆ.

ನಿಮ್ಮವನು,
ಹಲಸೂರಿನ ಒಬ್ಬ ಹಳೇ ಯೆಜ್ಡಿ ಸವಾರ